ಚೀಟಿಯ ಹಿಂಬದಿ

ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವುದು ನನ್ನ ಕೆಲಸ. ಅದಕ್ಕೇ ಕೌಂಟರಿನಾಕೆ ನನ್ನನ್ನು 'ಕಲಾವಿದರೇ' ಎಂದು ಕರೆಯುತ್ತಾಳೆ. ಹನ್ನೊಂದು ವರ್ಷದ ದುಡಿಮೆಗೆ ಸಿಕ್ಕ ಏಕೈಕ ಬಿರುದು ಅದು.

ನಮ್ಮಿಬ್ಬರ ನಡುವೆ ಒಂದು ಗೋಡೆ. ಗೋಡೆಯಲ್ಲಿ ಬಟ್ಟೆ ದಾಟಿಸುವಷ್ಟು ಅಗಲದ ಕಿಂಡಿ. ಕಲೆ ಯಾವುದರದೆಂದು ತಿಳಿಯದೆ ಅದಕ್ಕೆ ಕೈ ಹಚ್ಚುವಂತಿಲ್ಲ. ರಕ್ತದ ಕಲೆಗೆ ಬಿಸಿನೀರು ಬಿತ್ತೋ, ಅದು ಅಲ್ಲೇ ಸಂಸಾರ ಹೂಡುತ್ತದೆ. ಹಾಗಾಗಿ ಗಿರಾಕಿ ಹೇಳಿದ್ದನ್ನು ಆಕೆ ಚೀಟಿಯಲ್ಲಿ ಬರೆದು, ಬಟ್ಟೆಗೆ ಪಿನ್ನು ಚುಚ್ಚಿ ಒಳಗೆ ತಳ್ಳುತ್ತಾಳೆ. ಕಲೆ ಹೋಯಿತೋ ಇಲ್ಲವೋ ಎಂಬುದನ್ನು ನಾನು ಹಿಂಬದಿಯಲ್ಲಿ ಬರೆದು ವಾಪಸು ಕಳಿಸುತ್ತೇನೆ. ಗಿರಾಕಿಗೆ ಬಟ್ಟೆ ಕೊಡುವ ಮುಂಚೆ ಆಕೆ ಚೀಟಿ ಬಿಚ್ಚಿಕೊಳ್ಳುತ್ತಾಳೆ.

ಕೆಲಸಕ್ಕೆ ಸೇರಿದ ಆರೇ ತಿಂಗಳಿಗೆ ಬಿಡುವ ಯೋಚನೆಯಲ್ಲಿದ್ದೆ. ಆಗ ಆಕೆ ಬಂದಳು. ಆಕೆಯ ಮೊದಲ ಚೀಟಿ: 'ಮಸಿ. ರಾಜೀನಾಮೆ ಬರೆಯುವಾಗ ಪೆನ್ನು ಕಕ್ಕಿತಂತೆ. ರಾಜೀನಾಮೆ ವಾಪಸ್ ತಗೊಂಡಿದ್ದಾರೆ, ಮಸಿ ನೀವು ತೆಗೆಯಿರಿ.' ಇನ್ನೊಂದು: 'ಕಾಡಿಗೆ, ಎಡ ಭುಜ. ಗೆಳತಿ ಅತ್ತಳಂತೆ. ಬಲ ಭುಜ ಖಾಲಿ ಇದೆ, ಪಾಪ.' ಬೆಳಗ್ಗೆ ಹಲ್ಲುಜ್ಜುವಾಗಲೇ, ಇವತ್ತು ಯಾರು ಏನು ಚೆಲ್ಲಿಕೊಂಡಿರಬಹುದು ಎಂದು ಲೆಕ್ಕ ಹಾಕುವವನಾದೆ. ಲೋಕದ ಜನರ ಕೈ ಇನ್ನಷ್ಟು ಜಾರಲಿ ಎಂದು ಹಾರೈಸಿದೆ.

ಆಕೆಯ ಎದುರಿಗೆ ನಿಂತರೆ ಮಾತ್ರ ನನ್ನ ನಾಲಗೆಗೆ ಗಂಜಿ ಹಾಕಿದಂತಾಗುತ್ತದೆ. ಬೇರೆಯವರ ದನಿಯಾದರೆ ಸರಾಗ. ಕಿಂಡಿಯಲ್ಲಿ ಮೂತಿಯಿಟ್ಟು, ಸದಾ ಮೂಗು ಕಟ್ಟಿರುವ ನಮ್ಮ ಯಜಮಾನರ ದನಿ ತೆಗೆಯುತ್ತೇನೆ: "ಏದಬ್ಬಾ, ಕೋಟಿದ ಗುಂಡಿ ಎಲ್ಲೋಯ್ತು? ದಾದು ದುಂಗಿದ್ದಾ?" ಆಚೆ ಆಕೆ ಬಿದ್ದು ಬಿದ್ದು ನಗುತ್ತಾಳೆ. ನನಗೆ ಕಾಣುವುದು ಕೈ ಮಾತ್ರ.

ಆಕೆಗೆ ಗಂಡನಿದ್ದಾನೆ. ಹಡಗಿನ ಕೆಲಸ, ವರ್ಷಕ್ಕೊಮ್ಮೆ ಬರುತ್ತಾನೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನನಗೆ ಬೇಕಿರುವುದು ಚೀಟಿ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಪೂರ್ತಿ ನಂಬದೆ.

ಹೀಗಿರುವಾಗ ಭಾವ ಯಾರಿಂದಲೋ ಹೇಳಿಸಿ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ನನಗೆ ಮೇಲ್ವಿಚಾರಕನ ಕೆಲಸ ಗೊತ್ತುಮಾಡಿದರು. ಶನಿವಾರ ಹನ್ನೊಂದಕ್ಕೆ ಹೋಟೆಲಿನವರ ಫೋನು. ಹೂಂ ಅನ್ನಬೇಕು, ಇಲ್ಲವೇ ಊಹೂಂ.

"ಊರವರ ಕೊಳೆ ಎಲ್ಲಾ ತೆಗೆದೆ, ನಿನ್ನ ತಲೇಲಿರೋದನ್ನ ಯಾವಾಗ ತೆಗೀತೀಯೋ?" ಅಂದಳು ಅಕ್ಕ.

"ಅಲ್ಲಿ ಬರೀ ಬಿಳೀ ಬೆಡ್‌ಶೀಟು ಕಣೇ. ಯಾರು ಮಲಗಿದ್ರು, ಏನಾಯ್ತು, ಒಂದೂ ಗೊತ್ತಾಗಲ್ಲ."

"ಯಾರು ಮಲಗಿದ್ರು ಅಂತ ತಿಳ್ಕೊಳ್ಳೋದು ನೌಕರಿ ಅಲ್ಲಪ್ಪ, ಚಾಳಿ!"

ಗುರುವಾರ ನಿವೃತ್ತ ಡ್ರಾಯಿಂಗ್ ಮೇಷ್ಟರ ಕಂದು ಕೋಟು ಬಂತು. 'ನೀಲಿ ಬಣ್ಣ, ತೋಳು. ಆಕಾಶ ಬಿಡಿಸುತ್ತಿದ್ದರಂತೆ, ಸ್ವಲ್ಪ ಕೆಳಗೆ ಬಿತ್ತು.' ಕಲೆ ಬಿಟ್ಟಿತು. ಹಿಂಬದಿಯಲ್ಲಿ 'ಹೋಯಿತು' ಎಂದು ಬರೆದೆ. ಪೆನ್ನು ನಿಲ್ಲಲಿಲ್ಲ. 'ನಾನೂ ಬಿಟ್ಟು ಹೋಗಲಾ? ಹೋಟೆಲಿನವರು ಕರೆದಿದ್ದಾರೆ. ಶನಿವಾರದೊಳಗೆ ಹೇಳಿ. ಬೇಡ ಅಂದರೆ ಇರುತ್ತೇನೆ.' ಇನ್ನೊಮ್ಮೆ ಓದದೆ ಪಿನ್ನು ಚುಚ್ಚಿ ಕಿಂಡಿಯಾಚೆ ತಳ್ಳಿಬಿಟ್ಟೆ.

ಶುಕ್ರವಾರ ಚೀಟಿಗಳು ಎಂದಿನಂತೆ ಬಂದವು, ಎಂದಿನ ತಮಾಷೆಯೊಂದಿಗೆ. ನನ್ನ ಮಾತಿಗೆ ಒಂದಕ್ಷರದ ಉತ್ತರವಿಲ್ಲ. ಓದಿ, ಮಡಚಿ ಬಿಸಾಡಿರಬೇಕು. ಅಂದು ಯಾವ ತಮಾಷೆಯೂ ನಗು ತರಿಸಲಿಲ್ಲ. ಹೂಂ ಅಂದುಬಿಡೋಣ ಎಂದು ನಿಶ್ಚಯಿಸಿದೆ.

ಶನಿವಾರ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಕೌಂಟರಿನಲ್ಲಿ ಮೇಷ್ಟರ ದನಿ ಕೇಳಿಸಿತು.

"ಅಮ್ಮಾ, ನನ್ನ ಕೋಟು ನನ್ನನ್ನ ಬಿಟ್ಟು ಹೋಟೆಲಿಗೆ ಹೋಗ್ತೀನಿ ಅಂತಿದೆ. ಬೇಡ ಅಂದ್ರೆ ಇರತ್ತಂತೆ. ಎರಡು ದಿನದಿಂದ ಬೇಡಪ್ಪಾ ಬೇಡ ಅಂತಿದ್ದೀನಿ. ಆದ್ರೆ ಅದು ಕೇಳಿರೋದು ನನ್ನನ್ನಲ್ಲ ಅನ್ಸತ್ತೆ."

ಕಾಗದ ಸರಿದ ಸದ್ದು.

"ಮೊನ್ನೆ ನಾನು ಊಟಕ್ಕೆ ಹೋದಾಗ ಯಜಮಾನ್ರು ಕೋಟು ಕೊಟ್ಟುಬಿಟ್ಟಿದ್ದಾರೆ," ಎಂದಳು ಆಕೆ, ಯಾರಿಗೆಂದಿಲ್ಲದೆ. "ಚೀಟಿ ತೆಗೆದೇ ಇಲ್ಲ."

ನಾನು ಸ್ಟೀಮ್ ನಿಲ್ಲಿಸಿ, ಪಕ್ಕದ ಬಾಗಿಲಿನಿಂದ ಮುಂದೆ ಹೋಗಿ ನಿಂತೆ. ಮೇಷ್ಟರು ಗಾಜಿನ ಕಪಾಟಿನಲ್ಲಿದ್ದ ಬಿಡಿ ಗುಂಡಿಗಳನ್ನು ಎಣಿಸುವವರಂತೆ ಬೆನ್ನು ತಿರುಗಿಸಿದರು.

"ಇದೇನು ಕಲಾವಿದರೇ?"

"ಅದು... ಕೋಟು..."

"ಕೋಟು ಮಾತಾಡಲ್ಲ. ನೀವು ಮಾತಾಡಿ. ಯಜಮಾನ್ರ ದನಿ ಬೇಡ, ನಿಮ್ಮದೇ ತೆಗೀರಿ."

"ಹೋಗಲಾ?" ಅಂದೆ. ಒಂದೇ ಪದ, ಅದೂ ನಡುವೆ ಸೀಳಿತು.

ಆಕೆ ಉತ್ತರಿಸುವುದರೊಳಗೆ ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದೆ. ಒದ್ದೆ ಕೈಯಿಂದ ಜಾರಿ ಕೌಂಟರಿನ ಮೇಲೆ ಬಿದ್ದು, ಅಲ್ಲೇ ಗುಂಡಗೆ ತಿರುಗುತ್ತಾ ಬಡಿದುಕೊಂಡಿತು. ನಾನು ಅದನ್ನು ನೋಡಿದೆ, ಆಕೆ ನನ್ನನ್ನು. ಆಕೆಯೇ ಎತ್ತಿಕೊಂಡಳು.

"ಹಲೋ... ಹೌದು, ಇಲ್ಲೇ ಇದ್ದಾರೆ... ಇಲ್ಲ, ಅವರು ಬರಲ್ಲ." ಆಚೆಯಿಂದ ಏನೋ ಕೇಳಿದರು. "ಯಾಕೆ ಅಂದ್ರೆ? ಇಲ್ಲಿ ಬೇಕು, ಅದಕ್ಕೆ."

ಫೋನು ಇಟ್ಟಳು. ಕಿವಿ ಕೆಂಪಾಗಿತ್ತು.

"ಅಂಗಡಿಗೆ ಬೇಕು ಅಂದೆ," ಎಂದಳು ಕೆಳಗೆ ನೋಡುತ್ತಾ. "ತಪ್ಪು ತಿಳ್ಕೋಬೇಡಿ."

ಅಂಗಡಿ ಎಂಬ ಪದ ನನಗೆ ಕೇಳಿಸಿರಲಿಲ್ಲ.

"ನನ್ನ ಕಿವಿ ಮಂದ ಕಣಮ್ಮ," ಎಂದರು ಮೇಷ್ಟರು ಗುಂಡಿಗಳಿಗೆ. ಕೋಟು ಕೊಡವಿ, ಹೊರಟರು.

ನಾನು ಒಳಗೆ ಬಂದು ಸ್ಟೀಮ್ ಹಾಕಿದೆ. ಅಂದು ಬಂದ ಚೀಟಿಗಳಲ್ಲೆಲ್ಲ ಒಂದೊಂದೇ ಪದ. 'ಚಹಾ.' 'ಹುಲ್ಲು.' 'ಗ್ರೀಸು.' ಯಾರು ಚೆಲ್ಲಿಕೊಂಡರು, ಯಾಕೆ, ಒಂದೂ ಇಲ್ಲ. ನಗುವೂ ಇಲ್ಲ. ನಾನೂ ಯಾರ ದನಿಯನ್ನೂ ತೆಗೆಯಲಿಲ್ಲ.

ಮುಚ್ಚುವ ಹೊತ್ತಿಗೆ ಕೊನೆಯದಾಗಿ ಒಂದು ಬೂದು ಶಾಲು ಬಂತು. ಅದನ್ನು ತಳ್ಳಿದ ಕೈ ಆ ತುದಿ ಬಿಡದೆ ಕಿಂಡಿಯಲ್ಲೇ ಉಳಿಯಿತು, ಎಂದಿಗಿಂತ ಒಂದು ಗಳಿಗೆ ಹೆಚ್ಚು. ನಾನು ಶಾಲಿನ ಈ ತುದಿ ಹಿಡಿದು ನಿಂತೆ, ಎಳೆದುಕೊಳ್ಳದೆ.