ಹಸಿರಿಗೆ ಬಲಗೈ

ಕೆಳಗೆ, ಕೆರೆಯ ಮೆಟ್ಟಿಲ ಮೇಲೆ, ಬೆಳಕೊಂದು ಹತ್ತಿತು, ಹತ್ತಿ ಆರಿತು, ಗೌಸಸಾಬ ಕಾಕಾನ ಕೈಯ ಬ್ಯಾಟರಿ ಅದು, ಅದರ ಗಾಜಿಗೆ ಬಣ್ಣದ ಹಾಳೆ ಸುತ್ತಿದೆ, ಮದುವೆ ಹಂದರದ ಬಲ್ಬಿಗೆ ಸುತ್ತುವಂಥದ್ದು, ಒಂದು ಕೆಂಪು ಹಾಳೆ ಒಂದು ಹಸಿರು ಹಾಳೆ, ಈಗ ತೋರಿಸಿದ್ದು ಯಾವುದು, ಬೇಗ ಚಂದಪ್ಪಾ, ಬೇಗ — ಬೆಳಕು ಬರೀ ಬೆಳಕಿನ ಹಾಗಿತ್ತು, ಮಾಗಿದ ಬಾಳೆಯ ಸಿಪ್ಪೆಯಂಥದು, ಒಣಹುಲ್ಲಿನಂಥದು, ಅದಕ್ಕೆ ಏನೆನ್ನಬೇಕೋ ಅವನಿಗೆ ತಿಳಿಯಲಿಲ್ಲ, ಬಲಗೈ ಎತ್ತಿಬಿಟ್ಟ. ಹಸಿರಿಗೆ ಬಲಗೈ, ಕೆಂಪಿಗೆ ಎಡಗೈ, ಗುಡ್ಡ ಏರುವಾಗ ಕಾಕಾ ಹೇಳಿ ಕಳಿಸಿದ್ದು ಇಷ್ಟೇ. ಬುರುಜಿನ ಕಲ್ಲು ಹಗಲಿನ ಬಿಸಿಯನ್ನು ಇನ್ನೂ ಬಿಟ್ಟಿಲ್ಲ, ಅಂಗಾಲು ಸುಡುತ್ತಿದೆ, ಹೊತ್ತು ಮುಳುಗಿದರೂ ಬಾದಾಮಿಯ ಮೇಲೆ ಕತ್ತಲು ಬಿದ್ದಿಲ್ಲ, ಮಂಗವೊಂದು ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ಗೋಡೆಯ ಮೇಲೆ ಕೂತು ಅವನನ್ನೇ ನೋಡುತ್ತಿದೆ, ಕೆಳಗೆ ಕಾಕಾ, ಕಾಕಾನ ಹಿಂದಿನ ಮೆಟ್ಟಿಲಲ್ಲಿ ಅವ್ವ, ಇಬ್ಬರೂ ಹೆಬ್ಬೆರಳಿನಷ್ಟು, ಆದರೂ ಅವ್ವನ ಕೈಬಳೆ ಕೂಡ ಕಾಣುತ್ತದೆ ಅವನಿಗೆ. ದೂರದ್ದು ಯಾವತ್ತೂ ಚೆನ್ನಾಗಿಯೇ ಕಂಡಿದೆ. ನನ್ನ ಮಗನ ಕಣ್ಣು ಹದ್ದಿನ ಕಣ್ಣರೀ, ಎಂದು ಅಪ್ಪ ಇಲಕಲ್ಲಿನ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದ, ಇಮಾನದ ಸಪ್ಪಳ ನಮಗ ಕೇಳೂಕಿಂತ ಮೊದಲ ಇವಗ ಇಮಾನ ಕಾಣತದ — ಅದು ಖರೆಯೇ ಆಗಿತ್ತು, ಮುಗಿಲಿನೊಳಗಿನ ಬಿಳಿ ಚುಕ್ಕೆಯನ್ನು ಅವನು ಬೆರಳು ಮಾಡಿ ತೋರಿಸಿದ ಮೇಲೆ ಉಳಿದ ಹುಡುಗರು ಕತ್ತು ಎತ್ತುತ್ತಿದ್ದರು, ಆ ಚುಕ್ಕೆಗೆ ಬಣ್ಣದ ಗೊಡವೆ ಇರಲಿಲ್ಲ.

ಮತ್ತೆ ಬೆಳಕು. ಎಡಗೈ. ಸರಿಯೋ ತಪ್ಪೋ ಕಾಕಾ ಹೇಳುವುದಿಲ್ಲ, ಎಲ್ಲ ಮುಗಿದ ಮೇಲೆ ಕೆಳಗಿಳಿದು ಬಾ, ಅಲ್ಲೀತನಕ ನನ್ನ ಬಾಯಿ ಬಂದ್, ಎಂದಿದ್ದಾರೆ. ಕಾಕಾ ವಾಯುಪಡೆಯಲ್ಲಿದ್ದು ಬಂದವರು, ಹಾರಿದವರಲ್ಲ, ವಿಮಾನ ನಿಲ್ದಾಣದ ಗೋಪುರದಲ್ಲಿ ನಿಂತು ಹಾರುವವರಿಗೆ ದಾರಿ ಬಿಟ್ಟವರು, ಬಾದಾಮಿಯ ಅವರ ಮನೆಯ ಪಡಸಾಲೆಯಲ್ಲಿ ಈ ಎರಡು ವರ್ಷ ಅವನು ಕಳೆದ ಭಾನುವಾರಗಳೆಷ್ಟು, ಇಲಕಲ್ಲಿನಿಂದ ಹುನಗುಂದ, ಅಮೀನಗಡ, ಗುಳೇದಗುಡ್ಡ, ಆ ಬಸ್ಸಿನ ಕಿಟಕಿಯ ಕುಲುಕಾಟ ಈಗಲೂ ಹಲ್ಲಿನಲ್ಲಿದೆ. ವಿಮಾನದವರ ನಕ್ಷೆಯ ಚಾರ್ಟನ್ನು ಚಾಪೆಯ ಹಾಗೆ ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು ಕಾಕಾ ಮೊಣಕಾಲೂರಿ ಕೂರುತ್ತಿದ್ದರು, ಬೇಟಾ, ವಿಮಾನ ಹಾರೂದು ಮುಗಿಲಾಗಲ್ಲ, ಮೊದಲ ಇಲ್ಲಿ, ಈ ಕಾಗದದ ಮ್ಯಾಲೆ. ಇಲಕಲ್ಲಿನಿಂದ ಬಾಗಲಕೋಟೆಗೆ ಒಂದು ಗೆರೆ, ಬಾಗಲಕೋಟೆಯಿಂದ ತೆಂಕಣಕ್ಕೆ ರೈಲುದಾರಿಯ ಗುಂಟ ಬಾದಾಮಿಗೆ ಒಂದು ಗೆರೆ, ಬಾದಾಮಿಯಿಂದ ಮೂಡಣಕ್ಕೆ ಮತ್ತೆ ಮನೆಗೆ, ಗೆರೆಯ ಮೇಲೆ ಕೋನಮಾಪಕ ಇಟ್ಟು ದಿಕ್ಕು ಅಳೆ, ಈಗ ಗಾಳಿ ಹೇಳು, ಮುಂಗಾರಿನ ಗಾಳಿ ಕಾಕಾ, ಪಡುವಣದಿಂದ, ಹಂಗಿದ್ರ ಬಾಗಲಕೋಟಿ ಕಡೆ ಹೊಂಟಾಗ ವಿಮಾನದ ಮೂಗು ಎತ್ತಾಗ ತಿರುವಿ ಇಡ್ತಿ, ಎಡಕ್ಕ ಕಾಕಾ, ಗಾಳಿ ಬರೂ ಕಡಿಗೆ, ಎಷ್ಟು, ಅವನು ಗಾಳಿಗೊಂದು ಗೆರೆ ವೇಗಕ್ಕೊಂದು ಗೆರೆ ಎಳೆದು ತ್ರಿಕೋನ ಮುಚ್ಚಿ ಹೇಳುತ್ತಿದ್ದ, ಹೇಳಿದ್ದು ತಪ್ಪುತ್ತಿರಲಿಲ್ಲ. ಘಟಪ್ರಭೆಯ ಈ ತಿರುವು ಯಾವಾಗ ಬರಬೇಕು, ಬರಲಿಲ್ಲ ಅಂದ್ರ ಏನು ಮಾಡ್ತಿ, ಎಣ್ಣಿ ಎಷ್ಟು ಉಳದದ. ಬೆಂಗಳೂರಿನ ವಿಮಾನ ಶಾಲೆಗೆ ಆಯ್ಕೆಯಾದಾಗ ಅವನು ಒಮ್ಮೆಯೂ ವಿಮಾನ ಮುಟ್ಟಿರಲಿಲ್ಲ, ಆದರೆ ಕಣ್ಣು ಮುಚ್ಚಿದರೆ ಮಲಪ್ರಭೆ ರೆಕ್ಕೆಯ ಅಡಿಯಲ್ಲಿ ಹರಿಯುತ್ತಿತ್ತು, ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ, ನೇಕಾರ ಕಾಶಪ್ಪನ ಮಗ ಇಮಾನ ನಡಸ್ತಾನಂತ, ಬರುವ ವಾರ ದೇಹಪರೀಕ್ಷೆ, ಅದೊಂದು ಮುಗಿದರೆ —

ಬೆಳಕು. ಬಲ, ಬಲಗೈ ಎತ್ತು, ಎತ್ತಿದ. ಹೋದ ಭಾನುವಾರ ಬೆಂಗಳೂರಿನ ಕಡೆಗೆ ದೊಡ್ಡ ದಾರಿ ಎಳೆದಿದ್ದ, ನಿನ್ನ ಮೊದಲನೇ ಉದ್ದನ್ನ ಹಾದಿ, ಒಬ್ಬನ ಕುಂತು ಎಳಿ, ಎಂದು ಕಾಕಾ ಒಳಗೆ ಚಹಾ ಮಾಡಲು ಹೋಗಿದ್ದರು, ಬಂದು ನೋಡಿ ಚಹಾದ ಬಸಿ ಹಿಡಿದುಕೊಂಡೇ ನಿಂತರು. ಇದೇನಲೇ, ಹಾರಾಕ ನಿಷೇಧ ಇದ್ದ ಜಾಗದ ನಟ್ಟನಡುವ ಹೊಂಟೀಯಲ್ಲ. ಯಾವ ನಿಷೇಧ ಕಾಕಾ. ಇದ, ಇಷ್ಟು ದಪ್ಪ ಕೆಂಪು ಸುತ್ತು ಹಾಕ್ಯಾರ, ಕಾಣವಲ್ದೇನು. ಅವನು ಬಗ್ಗಿ ನೋಡಿದ, ಕಾಡಿನ ಹಸಿರು ಎಂದು ಅವನು ನಂಬಿಕೊಂಡಿದ್ದ ಹರವು, ಅದರ ಮೇಲೆ ಅದೇ ಬಣ್ಣದ ನೆರಳಿನಂಥ ಏನೋ, ಬೆರಳಿಟ್ಟು ತೋರಿಸಿದ ಮೇಲೆ ಇದ್ದೂ ಇಲ್ಲದಂತೆ ಕಂಡ ಒಂದು ಉಂಗುರ. ಕಾಕಾ ಬಸಿ ಕೆಳಗಿಟ್ಟರು. ಮೊಮ್ಮಗಳ ಬಣ್ಣದ ಪೆನ್ಸಿಲ್ಲುಗಳನ್ನು ತಂದು ಒಂದೊಂದೇ ಹಿಡಿದರು, ಇದು ಯಾವುದು, ಇದು, ಇದು, ದನಿ ಪ್ರತಿಸಲವೂ ಇನ್ನಷ್ಟು ಮೆತ್ತಗಾಗುತ್ತಿತ್ತು, ಕಾಯಿಲೆಯವರ ಹಾಸಿಗೆಯ ಬಳಿ ಮಾತಾಡಿದಂತೆ. ಕೊನೆಗೆ ಹೇಳಿದರು, ಊರಿನ ಹೆಸರು ಹೇಳದೆ ಹೇಳಿದರು, ಒಂದು ಸಣ್ಣ ನಿಲ್ದಾಣ, ರೇಡಿಯೋ ಕೆಟ್ಟ ಒಂದು ವಿಮಾನ, ಅದು ಇಳಿಯುವ ಹಾದಿಯ ಮೇಲೆ ಜಲ್ಲಿ ಹೊರುತ್ತಿದ್ದ ಕೂಲಿ ಹೆಣ್ಣುಮಕ್ಕಳು. ನಾ ಗೋಪುರದಾಗಿಂದ ಕೆಂಪು ದೀಪ ಹಿಡಕೊಂಡ ನಿಂತೆ ಬೇಟಾ, ಇಳೀಬ್ಯಾಡ ಇಳೀಬ್ಯಾಡ ಅಂತ, ವಿಮಾನ ನಡಸಾಂವ ಹಸಿರು ಕಂಡವರಂಗ ಸೀದಾ ಬಂದ. ತಲಿಮ್ಯಾಲೆ ಬುಟ್ಟಿ, ಬುಟ್ಟಿಗೆ ಒಂದು ಕೈ, ಹಂಗ ತಿರುಗಿ ನೋಡಿದ್ಲು ಒಬ್ಬಾಕಿ, ಕೈ ಬುಟ್ಟಿ ಮ್ಯಾಗ ಇತ್ತು ಇನ್ನೂ. ಚಹಾ ಆರಿತ್ತು. ಪಡಸಾಲೆಯ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಕಣ್ಣಿನ ಡಾಕ್ಟರ ಅಂಕಿ ಅಡಗಿಸಿಟ್ಟ ಬಣ್ಣದ ಚುಕ್ಕಿ ಚುಕ್ಕಿ ಚಿತ್ರ ತೋರಸ್ತಾರ, ಎಂದರು ಕಾಕಾ, ಅದರಾಗ ಸೋತವರಿಗೆ ಒಮ್ಮೊಮ್ಮೆ ದೀಪದ ಪರೀಕ್ಷಾ ಇರ್ತದ, ದೀಪ ಗುರುತು ಹಿಡದ್ರ ದಾಟಬಹುದು, ಮುಂದಿನ ಐತವಾರ ಬಾ, ಗುಡ್ಡ ಹತ್ತಿಸಿ ನಾ ನೋಡ್ತೇನಿ, ಒಂದೂ ತಪ್ಪಲಿಲ್ಲ ಅಂದ್ರ ಬೆಂಗಳೂರಿಗೆ ನಾನ ಕರಕೊಂಡು ಹೋಗ್ತೇನಿ, ತಪ್ಪಿತು ಅಂದ್ರ ಹೋಗಬ್ಯಾಡ, ನನ್ನ ಮ್ಯಾಲೆ ಆಣಿ ಐತಿ ನಿಂದು.

ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು ಬೆಚ್ಚಲಿಲ್ಲ, ಅದೇ ಅವನನ್ನು ಕೊಂದದ್ದು, ಅವ್ವ ಸಿದ್ದಲಿಂಗವ್ವ ರಾಟೆ ತಿರುಗಿಸುವುದನ್ನು ನಿಲ್ಲಿಸಿ ಮಗ್ಗದ ಕೋಣೆಯತ್ತ ನೋಡಿದಳು, ಅಪ್ಪನಿಗೆ ಕೇಳಿತೇನೋ ಎಂದು, ಅಷ್ಟೇ, ಮಗ್ಗದ ಸದ್ದು ನಿಂತಿರಲಿಲ್ಲ. ಆಗ ಒಂದೊಂದೇ ಬಿಚ್ಚಿಕೊಂಡಿತು — ಸಣ್ಣವನಿದ್ದಾಗ ಸೆರಗು ನೇಯಲು ಕೂರಿಸಿದ್ದ ಅಪ್ಪ, ಮದುವೆಯ ಸೀರೆ ಅದು, ಕೆಂಪು ಎಳೆ ಹೋಗಬೇಕಾದಲ್ಲಿ ಅವನು ಹಸಿರು ಎಳೆಯ ಲಾಳಿ ಓಡಿಸಿದ್ದ, ಗೇಣುದ್ದ ನೇಯ್ದು ಅಪ್ಪಾ ನೋಡು ಎಂದು ಹೆಮ್ಮೆಯಿಂದ ಕರೆದಿದ್ದ, ಅಪ್ಪ ಲಾಳಿಯಿಂದಲೇ ಹೊಡೆದ, ಕಣ್ಣಿನ ಮೇಲಿನ ಹುಬ್ಬು ಒಡೆಯಿತು, ಬೇಕಂತ ಮಾಡ್ಯಾನ, ಕಸಬು ಹಾಳು ಮಾಡಾಕ ಹುಟ್ಯಾನ, ಆವತ್ತು ಹರಿದ ನೆತ್ತರೂ ಅವನ ಕಣ್ಣಿಗೆ ಕೆಸರಿನಂತೆಯೇ ಕಂಡಿತ್ತು. ಮರುದಿನದಿಂದ ಅವ್ವ ಲಾಳಿಗೆ ಹಾಕುವ ನೂಲನ್ನು ಕಂಡಿಕೆಗೆ ಸುತ್ತಿ ಕೊಡುವಾಗ ಕೆಂಪಿನ ಕಂಡಿಕೆಯ ತುದಿಗೆ ಒಂದು ಗಂಟು, ಹಸಿರಿಗೆ ಎರಡು, ಅವನ ಬೆರಳನ್ನು ಹಿಡಿದು ಗಂಟಿನ ಮೇಲೆ ಆಡಿಸಿ ಕಲಿಸಿದ್ದಳು, ಎಲ್ಲ ಮಕ್ಕಳೂ ಹೀಗೇ ಕಲಿಯುತ್ತಾರೆ ಎಂದುಕೊಂಡಿದ್ದ ಅವನು, ಎಲ್ಲರ ಅವ್ವಂದಿರೂ ಗಂಟು ಹಾಕುತ್ತಾರೆ ಎಂದುಕೊಂಡಿದ್ದ. ಶಾಲೆಯಲ್ಲಿ ಎಲೆ ಹಸಿರು ಎಂದು ಬರೆದ, ಇಲಕಲ್ಲಿನ ಕಲ್ಲು ಕೆಂಪು ಎಂದು ಬರೆದ, ಜನ ಹೇಳಿದ್ದನ್ನು ಬರೆದ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದ, ಯಾಕ ಹೇಳಲಿಲ್ಲವಾ ನನಗ. ಅಪ್ಪನಿಗೆ ಬನಶಂಕರಿಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ ಅವನ ಜೊತೆ ಹೊರಟಿದ್ದ ಅವ್ವ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, ಮಗ್ಗದಾಗ ಕುಂದ್ರೂದಕ್ಕ ಅಷ್ಟ ಸಾಕಿತ್ತಪಾ, ನೀ ಮುಗಿಲಿಗೆ ಹೋಗ್ತಿ ಅಂತ ನನಗೇನ ಗೊತ್ತಿತ್ತು.

ಬೆಳಕು ಹತ್ತಿತು, ಅವನು ಬೆಳಕನ್ನು ಬಿಟ್ಟು ಅವ್ವನನ್ನು ನೋಡಿದ, ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಾಳಿ ಇಲ್ಲ. ಅವನು ಯಾವುದೋ ಒಂದು ಕೈ ಎತ್ತಿದ, ಬೆಳಕು ಆರಿತು, ಅವ್ವ ಸೆರಗನ್ನು ಹೆಗಲಿಗೆ ಜಾರಿಸಿದಳು. ಮತ್ತೆ ಹತ್ತಿತು, ಈ ಸಲ ಅವಳ ಕೈ ಕದಲಲಿಲ್ಲ, ಅವನು ಮತ್ತೆ ಅಂದಾಜಿಗೆ ಒಂದು ಕೈ ಎತ್ತಿದ. ಮತ್ತೆ ಹತ್ತಿತು, ಅವಳ ಕೈ ತಲೆಗೆ ಹೋಯಿತು. ಗುಡ್ಡದ ಬುಡದಲ್ಲಿ ಅವನ ಮುಖ ನೇವರಿಸುವಾಗ ಏನೆಂದಿದ್ದಳು, ಅಂಜಬ್ಯಾಡ, ನನ್ನ ಕಡೆ ನೋಡಕೋತ ನಿಂದ್ರು, ಇಲಕಲ್ಲ ಸೀರಿ ಅಂದ್ರ ಸೆರಗು ಕೆಂಪ ಇರ್ತದ, ಮರೀಬ್ಯಾಡ — ದಿಗಿಲಿನಲ್ಲಿ ಏನೋ ಮಾತಾಡುತ್ತಿದ್ದಾಳೆ ಎಂದುಕೊಂಡಿದ್ದ. ಕಾಕಾ ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದಾರೆ, ಅವ್ವ ಅವರಿಗಿಂತ ಒಂದು ಮೆಟ್ಟಿಲು ಹಿಂದೆ, ಅವರಿಗೆ ಕಾಣುವುದಿಲ್ಲ. ಎಡಗೈ ಎತ್ತಿದ. ಬೆಳಕು, ಸೆರಗು ಹೆಗಲಲ್ಲೇ ಇದೆ, ಬಲಗೈ. ಬೆಳಕು, ಸೆರಗು ತಲೆಗೆ, ಎಡಗೈ. ಎಷ್ಟು ಸುಲಭ, ಎಷ್ಟು ವರ್ಷದ ರೂಢಿ, ಎದೆ ಹಗುರಾಗಿ ಅವನಿಗೆ ನಗು ಬರುವಂತಾಯಿತು. ಮೊದಮೊದಲಿನ ಒಂದೆರಡು ತಪ್ಪಿದ್ದರೂ ಗಡಿಬಿಡಿಯಾಯಿತು ಕಾಕಾ ಎಂದರಾಯಿತು, ಮತ್ತೊಮ್ಮೆ ತೋರಿಸುತ್ತಾರೆ, ಅವ್ವ ಇರುತ್ತಾಳೆ, ಚುಕ್ಕೆಯ ಚಿತ್ರಗಳನ್ನು ಯಾರಿಂದಲಾದರೂ ತರಿಸಿ ಬಾಯಿಪಾಠ ಮಾಡಬಹುದು, ಬೆಂಗಳೂರಿನ ದೀಪದ ಕೋಣೆಗೆ ಮಾತ್ರ ಅವ್ವ ಬರಲಾರಳು, ಅಲ್ಲಿಯೂ ಅದೃಷ್ಟ ಕೈಹಿಡಿದರೆ, ಆಮೇಲೆ ಒಬ್ಬನೇ ಮೇಲೆ, ರೇಡಿಯೋ ಪ್ರತಿದಿನ ಕೆಡುತ್ತದೆಯೇ, ವರ್ಷಗಟ್ಟಲೆ ಕೆಡದೆಯೂ ಇರಬಹುದು, ಎಂದೋ ಒಂದು ಸಲ ಕೆಟ್ಟರೆ ಕೆಳಗೆ ಒಂದು ಬಾಳೆಸಿಪ್ಪೆಯ ಬೆಳಕು, ಯಾವುದೋ ಒಂದು, ಅರ್ಧದಷ್ಟು ಸಲ ಸರಿಯೇ ಆಗುತ್ತದಲ್ಲ, ಉಳಿದರ್ಧ — ಬೆಳಕು ಹತ್ತಿತು. ಅವ್ವನ ಕೈ ತಲೆಗೆ ಹೋಯಿತು. ಅವನು ಕೈ ಎತ್ತಲಿಲ್ಲ. ಬೆಳಕು ಆರಲಿಲ್ಲ, ಕಾಕಾ ಕಾಯುತ್ತಿದ್ದಾರೆ, ಅವನ ಎರಡೂ ಕೈ ತೊಡೆಗೆ ಅಂಟಿಕೊಂಡಿವೆ, ಎತ್ತಿದರೆ ಬರುತ್ತವೆ, ಎತ್ತುವುದಿಲ್ಲ. ಹೇಳಬೇಕು, ಕೆಳಗಿಳಿದು ಹೇಳಬೇಕು ಕಾಕಾನಿಗೆ, ಕಾಣಲಿಲ್ಲ ಎಂದು, ಒಂದೂ ಕಾಣಲಿಲ್ಲ ಎಂದು, ಬೆಂಗಳೂರಿಗೆ ಹೋಗುವುದಿಲ್ಲ ಎಂದು, ಅಪ್ಪನಿಗೆ ಏನೆಂದು ಹೇಳುವುದು, ಅದು ಆಮೇಲೆ. ಚಂದಪ್ಪಾ, ಎಂದು ಕಾಕಾ ಕೂಗಿದ್ದು ಎದುರಿನ ಬಂಡೆಗೆ ಬಡಿದು ಎರಡು ಸಲ ಬಂತು. ಮಂಗ ಎದ್ದು ಹೋಯಿತು. ಅವನಿಗೆ ಕಾಣಲಿಲ್ಲವೇನೋ ಎಂದು ಅವ್ವ ಸೆರಗನ್ನು ಕೆಳಗಿಳಿಸಿ ಮತ್ತೆ ತಲೆಗೆ ಎಳೆದಳು, ಮತ್ತೆ ಇಳಿಸಿದಳು, ಮತ್ತೆ ಎಳೆದಳು, ಈಗ ಕೈ ತೆಗೆಯಲಿಲ್ಲ, ಹಾಗೆಯೇ ತಲೆಯ ಮೇಲೆ ಹಿಡಿದು ನಿಂತಳು, ಮುಖ ಮೇಲೆತ್ತಿ, ಒಂದು ಕೈ ತಲೆಯ ಮೇಲೆ, ಬುಟ್ಟಿ ಹೊತ್ತವಳ ಹಾಗೆ, ಅವನು ಬರುವ ದಾರಿಯಲ್ಲಿ, ಕೈ ತಲೆಯ ಮೇಲೆ, ಕೈ