ಬಾಗಿಲ ಮಸೂದೆ

ಮೈಕಿನ ಬಾಯಿಗೆ ತೊಡಿಸಿದ ಸ್ಪಂಜು ಒಂದು ಕಡೆ ಹರಿದಿದೆ, ಇಲಿ ಕಚ್ಚಿದ ಹಾಗೆ, ಹಿಂದೆ ಯಾರೋ ಪುದೀನದ ಮಿಠಾಯಿ ಬಾಯಲ್ಲಿಟ್ಟುಕೊಂಡು ಭಾಷಣ ಮಾಡಿರಬೇಕು, ಅದರ ವಾಸನೆ ಇನ್ನೂ ಹೋಗಿಲ್ಲ — ಶಾಸಕರು ಮುಖವನ್ನು ತುಸು ಹಿಂದಕ್ಕೆ ತೆಗೆದುಕೊಂಡರು, ಕೊನೆಯ ಸಾಲಿನಿಂದ ಯಾರೋ ಕೇಳಿಸ್ತಿಲ್ಲ ಸಾರ್ ಎಂದರು, ಮತ್ತೆ ಮುಂದಕ್ಕೆ ತಂದರು. ಕೇಳಿಸಬೇಕು, ಕೇಳುವುದಕ್ಕೇ ಅಲ್ಲವೆ ಇಷ್ಟು ಜನ ತಿಂಗಳ ಮೊದಲ ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಈ ಶಾಲೆಯ ಹಾಲಿಗೆ ಬಂದು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮುದುರಿಕೊಂಡು ಕೂರುವುದು, ನಾವು ಆರಿಸಿ ಕಳಿಸಿದ ಮನುಷ್ಯ ಸದನದಲ್ಲಿ ಏನು ಮಾಡಿ ಬಂದ, ಯಾವ ಮಸೂದೆ ಎಲ್ಲಿಗೆ ಬಂತು, ಅವನ ಬಾಯಿಂದಲೇ ಕೇಳೋಣ ಎಂದು. ಇಷ್ಟು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಿರಲಿಲ್ಲ, ಹೋದ ತಿಂಗಳು ತಪ್ಪಿತು, ಅದು ಹೆಂಡತಿಯನ್ನು ಕೊನೆಯದಾಗಿ ಕಳಿಸಿಕೊಟ್ಟ ವಾರ. ಎರಡನೆಯ ಸಾಲಿನ ತುದಿಯಲ್ಲಿ ಅವಳ ಜಾಗ, ಅದನ್ನು ಹಾಗೇ ಬಿಟ್ಟಿದ್ದಾರೆ, ಗೋಡೆಗೆ ಒರಗಿ ನಿಂತವರಿದ್ದಾರೆ, ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತವಳಿದ್ದಾಳೆ, ಆದರೂ ಅಲ್ಲಿ ಯಾರೂ ಕೂತಿಲ್ಲ, ಯಾರಾದರೂ ದಪ್ಪಗಿರುವವರು ಬಂದು ಧೊಪ್ಪೆಂದು ಕೂತುಬಿಡಬಾರದೆ ದೇವರೇ. ಅವಳು ಅಲ್ಲಿ ಕೂತು ಕನ್ನಡಕ ತೆಗೆದಳೆಂದರೆ ಮಾತು ಉದ್ದವಾಯಿತು ಎಂದು, ತೆಗೆದು ಒರೆಸತೊಡಗಿದಳೆಂದರೆ ಯಾರಿಗೂ ತಿಳಿಯುತ್ತಿಲ್ಲ ಎಂದು, ಗಂಡ ಹೆಂಡತಿಯ ನಡುವಿನ ಗುಟ್ಟು, ಊರಿಗೆಲ್ಲ ಗೊತ್ತಿದ್ದ ಗುಟ್ಟು. ಮನೆಗೆ ಹೋಗುತ್ತ ದಾರಿಯಲ್ಲಿ ರೀ, ನೀವು ಉಪಕಲಂ ಉಪಕಲಂ ಅಂತಿದ್ರಲ್ಲ, ಆ ಅಜ್ಜ ಅದ್ಯಾವುದೋ ಹೊಸ ಔಷಧಿ ಅಂದ್ಕೊಂಡು ಚೀಟೀಲಿ ಬರ್ಕೊಂಡ, ಎಂದು ನಡುರಸ್ತೆಯಲ್ಲಿ ನಿಂತು ನಗುತ್ತಿದ್ದಳು.

ಮೊದಲನೆಯದು ನೀರಿನ ಕೊಳವೆಗಳ ಮಸೂದೆ, ಎಂದರು, ತಮ್ಮ ದನಿಯೇ ಹಿಂದಿನ ಗೋಡೆಗೆ ತಾಗಿ ಬೇರೆ ಯಾರದೋ ದನಿಯಾಗಿ ತಿರುಗಿ ಬಂತು, ಹಳೆಯ ಕೊಳವೆ ಕಿತ್ತು ಹೊಸದು ಹಾಕಲು ನಮ್ಮ ಮನೆ ಒಪ್ಪಿದೆ, ಮೇಲ್ಮನೆ ಒಪ್ಪುವುದು ಬಾಕಿ ಇದೆ — ಇಲ್ಲಿ ನಿಲ್ಲಿಸಿದರು, ಅಭ್ಯಾಸಬಲ, ಈ ಜಾಗದಲ್ಲಿ ಬೇಕರಿಯವನು ಒಂದು ಮಾತು ಎಸೆಯಬೇಕು, ಹೋದ ಸಲವೂ ಪೈಪು, ಈ ಸಲವೂ ಪೈಪು, ನೀರು ಯಾವ ಜನ್ಮಕ್ಕೆ ಸ್ವಾಮಿ? ಎನ್ನಬೇಕು, ಹಾಲೆಲ್ಲ ನಗಬೇಕು, ನಿನ್ನ ಬನ್ನು ಉಬ್ಬೋದಕ್ಕೂ ಹೊತ್ತು ಹಿಡಿಯುತ್ತಲ್ಲೋ ಎಂದು ತಾವು ಹೇಳಬೇಕು. ಮೂರನೆಯ ಸಾಲಿನಲ್ಲಿ ಕೂತಿದ್ದಾನೆ, ಮೊಣಕೈ ಹತ್ತಿರ ಹಿಟ್ಟಿನ ಬಿಳುಪು ಹಾಗೇ ಇದೆ, ಮರ್ಯಾದೆಯಿಂದ ತಲೆ ಆಡಿಸಿದ, ಅಷ್ಟೆ. ಈ ಮರ್ಯಾದೆ ಯಾರಿಗೆ ಬೇಕಾಗಿತ್ತು. ಅವನಿಗೂ ಹೋದ ತಿಂಗಳೇ ತಾಯಿ ಹೋದದ್ದು, ಅದೇ ಆಸ್ಪತ್ರೆ, ಅದೇ ಐಸಿಯು, ಅವಳ ಪಕ್ಕದ ಹಾಸಿಗೆ — ಗಾಜು, ಬಾಗಿಲಲ್ಲಿ ಒಂದು ಮುಖ ಹಿಡಿಸುವಷ್ಟು ಚೌಕದ ಗಾಜು — ಎರಡನೆಯದು, ಎಂದರು ಅವಸರದಲ್ಲಿ, ಎರಡನೆಯದು ಸಾಕುನಾಯಿಗಳ ನೋಂದಣಿ, ಇದು ಅಂಗೀಕಾರವಾಗಿದೆ, ಮುಂದಿನ ವರ್ಷದಿಂದ ಎಲ್ಲರೂ ಲೈಸೆನ್ಸು ಮಾಡಿಸಬೇಕು. ನಮ್ಮ ಬೀದಿ ನಾಯಿಗೆ ಏಳು ಮನೆಯವರು ಅನ್ನ ಹಾಕ್ತೀವಿ ಸಾರ್, ಲೈಸೆನ್ಸು ಯಾರ ಹೆಸರಲ್ಲಿ? ಎಂದಳು ಮುಂದಿನ ಸಾಲಿನ ಹೂವಿನಂಗಡಿಯವಳು, ನಗು ಎದ್ದಿತು, ಅವರೂ ನಕ್ಕರು, ನಗುವಾಗ ಕಣ್ಣು ತಾನಾಗಿ ಖಾಲಿ ಜಾಗಕ್ಕೆ ಹೋಗಿ ಬಂತು, ನೋಡಿದೆಯಾ ಎಂದು ಕೇಳುವ ಹಾಗೆ. ಕೇಳುವುದಕ್ಕೆ ಅಲ್ಲಿ ಯಾರು.

ಮೂರನೆಯದು ಬಾಗಿಲ ಮಸೂದೆ. ಸದನದ ಕಾಗದದಲ್ಲಿ ಅದಕ್ಕೆ ಎರಡು ಸಾಲಿನ ಹೆಸರಿದೆ, ಬಾಗಿಲು ಅಂದದ್ದು ಅವಳು, ಆಮೇಲೆ ಊರೆಲ್ಲ ಹಾಗೇ ಅಂದಿತು. ಅವಳ ಅಕ್ಕ ಅದೇ ವಾರ್ಡಿನಲ್ಲಿ ತೀರಿಕೊಂಡಾಗ ಅವಳು ಹೊರಗಿನ ಬೆಂಚಿನಲ್ಲಿದ್ದಳು, ನೋಡಲು ಬಿಡುವುದು ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ಅಕ್ಕ ಹೋದದ್ದು ನಡುವೆ. ಗೋಡೆ ಈ ಕಡೆ ನಾನು ಕಾಫಿ ಕುಡೀತಿದ್ದೆ ರೀ, ಆ ಕಡೆ ಅಕ್ಕ ಒಬ್ಬಳೇ ಹೋದಳು, ನೀವೆಲ್ಲ ಅಷ್ಟು ದೊಡ್ಡ ಮನೇಲಿ ಕೂತು ಏನೇನೋ ಕಾನೂನು ಮಾಡ್ತೀರಿ, ಒಂದು ಬಾಗಿಲು ತೆಗೆಯೋ ಕಾನೂನು ಮಾಡೋಕಾಗಲ್ವ. ಕೊನೆಗಾಲದಲ್ಲಿರುವವರ ಪಕ್ಕ ಮನೆಯವರೊಬ್ಬರು ಕೂರಬಹುದು, ಅಷ್ಟೇ ಮಸೂದೆ, ಸರ್ಕಾರದ್ದಲ್ಲ, ಸದಸ್ಯನೊಬ್ಬನ ಸ್ವಂತದ್ದು, ಅಂಥವಕ್ಕೆ ಚೀಟಿ ಎತ್ತುತ್ತಾರೆ, ಚೀಟಿಯಲ್ಲಿ ಹೆಸರು ಬರಲು ವರ್ಷಗಳು ಹಿಡಿದವು, ಬಂತು, ದಿನ ಗೊತ್ತಾಯಿತು, ಅವಳು ಹೊಸ ಬಟ್ಟೆ ಹೊಲಿಸಿದ್ದಳು, ಗ್ಯಾಲರಿಯಲ್ಲಿ ಕೂತು ನೋಡುತ್ತೇನೆ ಎಂದು. ಅಷ್ಟರಲ್ಲಿ ಎದೆ ಕಟ್ಟಿತು. ಮಸೂದೆಯ ದಿನ ಬೆಳಗ್ಗೆ ಅವರು ಆ ಬೆಂಚಿನಲ್ಲೇ ಇದ್ದರು, ಪಕ್ಕದಲ್ಲಿ ಬೇಕರಿಯವನು, ಆಗ ದೊಡ್ಡ ಡಾಕ್ಟರು ಹೊರಗೆ ಬಂದು ಇದೇನು ಸಾರ್ ನೀವಿಲ್ಲಿ, ನಿಮಗೆಂಥ ನಿಯಮ, ಒಳಗೆ ಬನ್ನಿ, ಹೆಚ್ಚು ಹೊತ್ತಿಲ್ಲ ಎಂದರು. ಹೆಚ್ಚು ಹೊತ್ತಿಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬೇರೇನೂ ಬೀಳಲಿಲ್ಲ, ಚಪ್ಪಲಿ ಬಿಟ್ಟರು, ಫೋನನ್ನು ತಟ್ಟೆಯಲ್ಲಿಟ್ಟರು, ನೀಲಿ ಗೌನು ಹಾಕಿಕೊಂಡರು, ಬೇಕರಿಯವನು ಕಾಲು ಮಡಿಸಿ ದಾರಿ ಬಿಟ್ಟ, ಹೋಗಿ ಸಾರ್ ಎಂದ, ನಮ್ಮಮ್ಮ ಆಚೆ ಹಾಸಿಗೇಲಿದಾಳೆ, ನಾನು ಇಲ್ಲೇ ಇದೀನಿ ಅಂತ ಒಂದ್ಮಾತು ಹೇಳ್ತೀರಾ. ಹೇಳಿದರು, ಆಕೆಗೆ ಕೇಳಿಸಿತೋ ಇಲ್ಲವೋ. ಹೋಗಿ ಅವಳ ಕೈ ಹಿಡಿದರು, ಸೂಜಿ ಚುಚ್ಚಿದ ಕಡೆ ನೀಲಿಯಾಗಿತ್ತು, ಬೆರಳುಗಳು ತಣ್ಣಗಿದ್ದವು, ಅವಳು ಕಣ್ಣು ಬಿಟ್ಟು ಇವತ್ತು ಬಾಗಿಲ ದಿನ ಅಲ್ವಾ, ಹೋಗ್ಲಿಲ್ವಾ ಎಂದಳು. ಮುಂದಕ್ಕೆ ಹಾಕಿದಾರೆ, ನೀನು ಮಲಗು. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡದ್ದು ಅದೊಂದೇ ಸಲ. ಎದ್ದು ಕಾರು ಹತ್ತಿದ್ದರೆ ಹೊತ್ತಿಗೆ ಸರಿಯಾಗಿ ಸದನದಲ್ಲಿರಬಹುದಿತ್ತು, ಅಲ್ಲಿ ಬೇಕಾಗಿದ್ದದ್ದು ಒಂದೇ ವಾಕ್ಯ, ಎದ್ದು ನಿಂತು ಮಂಡಿಸುತ್ತೇನೆ ಎನ್ನುವುದು, ಇಲ್ಲವೆ ಇನ್ನೊಬ್ಬ ಸದಸ್ಯರಿಗೆ ನನ್ನ ಬದಲು ನೀವು ಎದ್ದು ನಿಲ್ಲಿ ಎಂದು ಒಪ್ಪಿಗೆ ಬರೆದುಕೊಡುವುದು, ಹೊಸದಾಗಿ ಗೆದ್ದು ಬಂದವರಿಗೂ ಗೊತ್ತಿರುವ ಪದ್ಧತಿ, ಅದು ತಲೆಗೇ ಬರಲಿಲ್ಲ, ತಟ್ಟೆಯಲ್ಲಿ ಫೋನು ಗುಂಯ್ಗುಟ್ಟುತ್ತಿದ್ದಿರಬೇಕು, ಅವರ ಆಪ್ತ ಸಹಾಯಕಿ ಸದನದ ಮೊಗಸಾಲೆಯಲ್ಲಿ ನಿಂತು ಒಂದೇ ಸಮನೆ ಮಾಡಿದಳಂತೆ, ಅಳುತ್ತ ಮಾಡಿದಳಂತೆ, ಇಲ್ಲಿ ಅವರು ಅವಳ ಬೆರಳು ಬೆಚ್ಚಗಾಗಲೆಂದು ಉಜ್ಜುತ್ತಿದ್ದರು. ಅಲ್ಲಿ ಸ್ಪೀಕರು ಅವರ ಹೆಸರನ್ನು ಮೂರು ಸಲ ಕೂಗಿದರು. ಮೂರು ಸಲ ಕೂಗಿಯೂ ತಂದವನು ಎದ್ದು ನಿಲ್ಲದಿದ್ದರೆ ಮಸೂದೆ ಬಿದ್ದುಹೋಗುತ್ತದೆ, ಚರ್ಚೆಯಿಲ್ಲ, ಮತವಿಲ್ಲ, ಮುಂದಿನದು ಎನ್ನುತ್ತಾರೆ, ಪುಟ ತಿರುಗಿಸುತ್ತಾರೆ. ಗಾಜಿನ ಆಚೆ ಯಾರದು, ಎಂದಳು ಅವಳು, ಅವನನ್ನೂ ಕರೀರಿ, ಪಾಪ, ಅವನ ತಾಯಿ ಇಲ್ಲಿ ಒಳಗಿರಬೇಕು. ಎದ್ದು ಹೋಗಿ ನರ್ಸಮ್ಮನನ್ನು ಕೇಳಿದರು, ನಿಮ್ಮದು ಬೇರೆ ಸಾರ್, ಅವರನ್ನ ಬಿಟ್ರೆ ನನ್ನ ಕೆಲಸ ಹೋಗುತ್ತೆ, ಎಂದಳು, ಆಕೆಯ ತಪ್ಪೇನು, ಬಿಡಬೇಕೆಂಬ ಕಾನೂನಿಲ್ಲವಲ್ಲ. ಅವರು ವಾಪಸು ಬಂದು ಕೂತರು. ಸಂಜೆಗೆ ಅವಳು ಹೋದಳು, ಅವರ ಕೈಯಲ್ಲೇ, ನೀರಿನಿಂದ ಬಟ್ಟೆ ಎತ್ತಿದಷ್ಟು ಮೆತ್ತಗೆ. ಅದಾದ ಎರಡನೆಯ ದಿನ ಬೇಕರಿಯವನ ತಾಯಿ. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಪ್ರಾರ್ಥನೆಗೆ ಕೂತರೆ ಇಲ್ಲಿಗೇ ಬಂದು ನಿಲ್ಲುತ್ತದೆ, ದೇವರೇ, ಆ ಹೊತ್ತನ್ನು ನನಗೆ ಕೊಟ್ಟದ್ದಕ್ಕೆ ನಿನಗೆ ಕೈಮುಗಿಯಲೋ, ಕ್ಷಮೆ ಕೇಳಲೋ, ಎರಡನ್ನೂ ಒಟ್ಟಿಗೆ ಮಾಡಲು ಬಾಯಿ ಬರುವುದಿಲ್ಲ, ಎದ್ದುಬಿಡುತ್ತಾರೆ.

ಮೂರನೆಯದು, ಎಂದರು, ಎಂದು ನಿಂತರು. ಪಕ್ಕದಲ್ಲಿ ಸಹಾಯಕಿ ಕುರ್ಚಿಯ ತುದಿಗೆ ಬಂದಳು. ಬರುವಾಗ ಕಾರಿನಲ್ಲಿ ಹೇಳಿದ್ದಳು, ಮುಂದಿನ ಅಧಿವೇಶನದಲ್ಲಿ ಮತ್ತೆ ತರ್ತೀವಿ ಅನ್ನಿ ಸರ್, ಅದೇನು ಸುಳ್ಳಲ್ವಲ್ಲ, ಪತ್ರಿಕೆಯವರೂ ಬರೆದಿಲ್ಲ, ಯಾರಿಗೂ ಗೊತ್ತಿಲ್ಲ, ನಿಮ್ಮ ಈ ಸಂಕಟದಲ್ಲಿ ಅದನ್ನೆಲ್ಲ ಯಾಕೆ ಮೈಮೇಲೆ ಎಳ್ಕೋತೀರಿ. ಒಳ್ಳೆಯ ಹುಡುಗಿ, ತಂದೆಗೆ ಹೇಳುವಂತೆ ಹೇಳಿದಳು. ಸುಳ್ಳಲ್ಲ, ಮತ್ತೆ ಚೀಟಿ ಎತ್ತುವಾಗ ಹೆಸರು ಹಾಕಬಹುದು, ಬರಬಹುದು, ಬರುವಷ್ಟರಲ್ಲಿ ಈ ಹಾಲಿನಲ್ಲಿ ಕೂತವರಲ್ಲಿ ಎಷ್ಟು ಜನ ಆ ಬೆಂಚಿನಲ್ಲಿ ಕೂತು ಎದ್ದಿರುತ್ತಾರೋ, ಹೂವಿನಂಗಡಿಯವಳ ಗಂಡನಿಗೆ ಮೂತ್ರಪಿಂಡ ಸರಿಯಿಲ್ಲ, ಹಿಂದಿನ ಸಾಲಿನ ಪೋಸ್ಟಿನ ಅಜ್ಜನ ಎದೆಯಲ್ಲಿ ಯಂತ್ರವಿದೆ, ಇವರೆಲ್ಲ ಬಾಗಿಲು ತೆಗೆಯುತ್ತದೆ ಎಂದು ನಂಬಿಕೊಂಡಿದ್ದಾರೆ. ಎರಡನೆಯ ಸಾಲಿನ ತುದಿ ನೋಡಿದರು, ಕನ್ನಡಕ ತೆಗೆಯುವವರಿಲ್ಲ, ಈಗ ಎಷ್ಟು ಉದ್ದಕ್ಕೆ ಬೇಕಾದರೂ ಸುತ್ತಿ ಬಳಸಿ ಮಾತಾಡಬಹುದು, ಯಾರೂ ತಡೆಯುವುದಿಲ್ಲ. ಬಾಗಿಲ ಮಸೂದೆ ಬಿದ್ದುಹೋಯಿತು, ಎಂದರು. ಹೆಸರು ಕೂಗಿದಾಗ ನಾನು ಎದ್ದು ನಿಲ್ಲಬೇಕಿತ್ತು, ನಾನು ಸದನದಲ್ಲಿ ಇರಲಿಲ್ಲ, ಅದಕ್ಕೆ ಬಿತ್ತು, ಬೇರೆ ಯಾರ ತಪ್ಪೂ ಇಲ್ಲ. ಮಗು ಎತ್ತಿಕೊಂಡವಳು ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು. ಇರಲಿಲ್ಲ ಅಂದ್ರೆ? ಎಂದರು ಪೋಸ್ಟಿನ ಅಜ್ಜ, ಎಲ್ಲಿಗೆ ಹೋಗಿದ್ರಿ ಆವತ್ತು, ಅಷ್ಟು ಮುಖ್ಯದ ದಿನ. ಕೇಳಬೇಕಾದ ಪ್ರಶ್ನೆ, ಕೇಳುವ ಹಕ್ಕು ಅವರಿಗಿದೆ. ಒಳಗಿದ್ದೆ, ಎಂದರು ಶಾಸಕರು, ಐಸಿಯು ಒಳಗೆ, ನನ್ನನ್ನು ಬಿಟ್ಟಿದ್ದರು. ಹಿಂದೆ ಗುಸುಗುಸು ಎದ್ದಿತು, ಬಿಟ್ಟಿದ್ರಂತೆ, ಯಾರೋ ಗಂಟಲಲ್ಲಿ ನಕ್ಕರು, ದೊಡ್ಡವರಿಗೆ ಬಿಡದೆ ನಮಗೆ ಬಿಡ್ತಾರಾ. ಆಗ ಮೂರನೆಯ ಸಾಲಿನಿಂದ ಬೇಕರಿಯವನು ಹಿಂದಕ್ಕೆ ತಿರುಗಿದ, ಎಲ್ಲಿಗೆ ಹೋಗಿದ್ರು ಅಂತ ಕೇಳ್ತೀಯಲ್ಲ ಅಜ್ಜ, ಹೆಂಡ್ತಿ ಕೈ ಹಿಡ್ಕೊಂಡು ಕೂತಿದ್ರು, ನಾನೇ ನೋಡಿದೀನಿ, ಆವತ್ತೆಲ್ಲ ನೋಡಿದೀನಿ, ಎಲ್ರೂ ಸುಮ್ನೆ ಕೂತ್ಕೊಳ್ಳಿ. ಎಂದು ಈ ಕಡೆ ತಿರುಗಿ, ಹೇಳಿ ಸಾರ್, ನಾಲ್ಕನೇದು ಯಾವುದು, ಎಂದ. ನಾಲ್ಕನೆಯದು ಇತ್ತು, ಕಾಗದದಲ್ಲಿತ್ತು, ಅಕ್ಷರಗಳು ಇದ್ದವು. ಆವತ್ತೆಲ್ಲ ನೋಡಿದೀನಿ — ಬಾಗಿಲಲ್ಲಿ ಒಂದು ಮುಖ ಹಿಡಿಸುವಷ್ಟು ಗಾಜು, ಅದಕ್ಕೆ ಒತ್ತಿದ ಅವನ ಮೂಗು, ಮೂಗಿನ ಕೆಳಗೆ ಉಸಿರಿನ ಒಂದು ಬಿಳಿ ವೃತ್ತ, ಅಂಚಿನಿಂದ ಒಳಕ್ಕೆ ಕರಗುತ್ತ ಬಂದು, ಚುಕ್ಕೆಯಷ್ಟು ಉಳಿದಾಗ, ಮತ್ತೆ ಒಂದು ಉಸಿರು, ಮತ್ತೆ ವೃತ್ತ.