ಬ್ಯಾಟರಿಗೆ ಮೆತ್ತಿದ ಅರಿಶಿನ

ಏಳು ಕೆರೆ, ಏಳು ಕೋಟೆ ದಾಟಿದ ಮೇಲೆ ಒಬ್ಬ ದೊರೆ ಇದ್ದನಂತೆ, ಅವನಿಗೊಂದು ಬಿಳಿ ಕುದುರೆ ಇತ್ತಂತೆ. ನನ್ನಜ್ಜಿಯ ಕಥೆಗಳೆಲ್ಲ ಹೀಗೇ ಹೊರಡುತ್ತಿದ್ದವು. ನನ್ನ ದೊರೆಯನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಮಡಕಶಿರಾ ಕಡೆಯ ರೊಳ್ಳದ ಪಕ್ಕದ ನಮ್ಮೂರಲ್ಲೇ ಇದ್ದಾನೆ. ಹೆಸರು ಆದಿನಾರಾಯಣ, ನನ್ನ ಚಿಕ್ಕಪ್ಪ. ಕುದುರೆಯ ಬದಲು ಹಳೆಯ ಬಿಳಿ ಕಾರು. ಸವಾರ ದಡ್ಡನಾದರೂ ಕುದುರೆ ತಾನೇ ದಾರಿ ಹಿಡಿದು ಮನೆ ಸೇರುತ್ತದೆ. ಕಾರಿಗೆ ಆ ಬುದ್ಧಿಯಿಲ್ಲ.

ದೊಡ್ಡಮ್ಮ ಕದರಮ್ಮ ಆ ಸಲ ಒಬ್ಬಳೇ ರೇಷ್ಮೆಹುಳ ಮೇಯಿಸಿದ್ದಳು. ಗೂಡು ಬಿಡಿಸುವುದು ಎರಡು ದಿನ ತಡವಾಗಿತ್ತು. ಅಂದೇ ಹಿಂದೂಪುರದ ಮಾರುಕಟ್ಟೆ ಮುಟ್ಟದಿದ್ದರೆ ಮಾರನೆಯ ದಿನ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಹೊರಬರುತ್ತವೆ; ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಅವಳು ಲಗೇಜ್ ಆಟೊ ಕರೆಸಿದ್ದಳು. ಮನೆಯಲ್ಲಿ ಕಾರಿರುವಾಗ ಆಟೊ ಹತ್ತಿದರೆ ತನ್ನ ಮರ್ಯಾದೆ ಏನಾಗಬೇಕೆಂದು ಚಿಕ್ಕಪ್ಪ ಅದನ್ನು ವಾಪಸು ಕಳಿಸಿದ. ಹರಾಜು ಮುಗಿಯುವುದರೊಳಗೆ ಗೂಡು ಮುಟ್ಟಿಸುತ್ತೇನೆಂದು ಮಾತು ಕೊಟ್ಟ. ನಾಲ್ಕು ಮೂಟೆ ಏರಿಸಿದೆವು. ಕೀ ತಿರುಗಿಸಿದ. ಕಾರು ಕೆಮ್ಮಲೂ ಇಲ್ಲ.

ಯಾರೋ ಪೆಟ್ರೋಲ್ ಕದ್ದಿದ್ದಾರೆ ಎಂದ. ಆಮೇಲೆ ಎಂಜಿನ್ ಎಬ್ಬಿಸುವ ಸೆಲ್ಫ್ ಹೋಗಿದೆ ಎಂದ. ಸೆಲ್ಫ್ ಎಲ್ಲಿರುತ್ತದೆಂದು ಕೇಳಿದರೆ ಆಕಾಶ ನೋಡಿದ. ಕೊನೆಗೆ ದೃಷ್ಟಿ ತಾಗಿದೆ ಎಂದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟ. ಬೋರ್‌ವೆಲ್ ಲಾರಿ ಓಡಿಸುವ ಜುಂಜಣ್ಣ ಬಂದು, ತಳ್ಳಿದರೆ ಏಳದ ಗಾಡಿ ಭೂಮಿಯ ಮೇಲಿಲ್ಲವೆಂದು ಭಾಷಣ ಮಾಡಿದ. ಐದು ಜನರಿಂದ ಬೀದಿಯ ತುದಿಯವರೆಗೆ ತಳ್ಳಿಸಿ, ಮತ್ತೆ ಮನೆ ಮುಂದಕ್ಕೆ ತಳ್ಳಿಸಿ, ಇದು ಏಳದ ಮಾಡೆಲ್ ಎಂದು ತೀರ್ಪು ಕೊಟ್ಟು ಬೀಡಿ ಹಚ್ಚಿದ. ಗಾಡಿಯ ವಿದ್ಯೆಯನ್ನು ಇವರೆಲ್ಲ ಮೀಸೆಯ ಜೊತೆಗೇ ಪಡೆದವರು.

ನಾನು ಕಿಟಕಿಯೊಳಗೆ ಕೈಹಾಕಿ ಹಾರನ್ ಒತ್ತಿದೆ. ಸದ್ದಿಲ್ಲ. ದೀಪ ಹಾಕಿದೆ. ಬೆಳಕಿಲ್ಲ. ಹಾರನ್ನಿಗೆ ಪೆಟ್ರೋಲೂ ಬೇಡ, ಸೆಲ್ಫೂ ಬೇಡ, ಕರೆಂಟೇ ಬರುತ್ತಿಲ್ಲವೆಂದಾಯಿತು. ಹುಳದ ಮನೆಯಲ್ಲಿ ಹುಳಗಳ ಮೇಲೆ ಉದುರಿಸುವ ಸುಣ್ಣದ ಪುಡಿ ಬಲ್ಬಿನ ಹೋಲ್ಡರಿಗೆ ಕೂತು ದೀಪ ಆರಿದಾಗಲೆಲ್ಲ ಕೆರೆದು ಸರಿಮಾಡುವವಳು ನಾನೇ. ಬಾನೆಟ್ ಎತ್ತಿದೆ.

"ಮುಟ್ಟಬ್ಯಾಡ ಕಣಮ್ಮಿ," ಎಂದ ಚಿಕ್ಕಪ್ಪ. "ಪೂಜೆ ಮಾಡಿರೋ ಬ್ಯಾಟ್ರಿ. ಅಮಾಸೆ ಗಂಟ ಅಳಿಸಂಗಿಲ್ಲ."

ಬ್ಯಾಟರಿ ಕಾಣುತ್ತಲೇ ಇರಲಿಲ್ಲ. ವಿಭೂತಿ, ಕುಂಕುಮ, ಒಣಗಿದ ತೆಂಗಿನನೀರು, ಸಕ್ಕರೆ, ಸಕ್ಕರೆಗೆ ಬಂದ ಇರುವೆಗಳು. ಆಯುಧಪೂಜೆಯ ದಿನ ತಂತಿಗಳನ್ನು ಬಿಚ್ಚಿ, ಬ್ಯಾಟರಿಯ ಎರಡು ಮೊಳೆಗಳಿಗೂ ಅರಿಶಿನ ಮೆತ್ತಿ ಮತ್ತೆ ಸಿಕ್ಕಿಸಿದ್ದನಂತೆ. ಶಕ್ತಿ ಒಳಗಿರುವಾಗ ಪೂಜೆಯೂ ಒಳಗೇ ಆಗಬೇಕಂತೆ. ಇದನ್ನು ಹೆಮ್ಮೆಯಿಂದಲೇ ಹೇಳಿದ. ಅಂದಿನಿಂದ ಪ್ರತಿ ಮಂಗಳವಾರ ಮೇಲೊಂದು ಕಾಯಿಯ ನೀರು. ಅರಿಶಿನದಡಿ ಹಸಿರು ಕಿಲುಬು ಬೆಳೆದು ತಂತಿಗೂ ಬ್ಯಾಟರಿಗೂ ನಂಟು ಕಡಿದುಹೋಗಿತ್ತು.

ಅವನು ಅಡ್ಡ ನಿಂತ. ಅಷ್ಟು ಹೊತ್ತು ಜಗಲಿಯಲ್ಲಿ ಕೂತಿದ್ದ ದೊಡ್ಡಮ್ಮ ಎದ್ದು ಬಂದಳು.

"ಆದಿ, ನಿನ್ ದ್ಯಾವ್ರು ಬ್ಯಾಟ್ರಿ ಒಳ್ಗವ್ನೆ, ನನ್ ಹುಳ ಗೂಡೊಳ್ಗವೆ. ಯಾರ್ ಮೊದ್ಲು ಈಚೀಕ್ ಬತ್ತಾರೆ ಅಂತ ಕಾಯ್ಕಂಡ್ ಕೂತ್ಕಳ್ನಾ?"

"ಅದಲ್ಲ ಅತ್ತಿಗೆ..."

"ಅಂಗಾರೆ ನೀನೇ ಒತ್ಕಂಡ್ ನಡಿ. ನಾಕೇ ಮೂಟೆ."

ಚಿಕ್ಕಪ್ಪ ಸರಿದ. ಪೂಜೆ ಅಳಿಸುವ ಪಾಪ ಕಣ್ಣಿಗೆ ಬೀಳಬಾರದೆಂದು ಮುಖ ಆಚೆ ತಿರುಗಿಸಿದ. ನಾನು ಸ್ಪ್ಯಾನರಿನಿಂದ ಮೊದಲು ಕಪ್ಪು ತಂತಿ, ಆಮೇಲೆ ಕೆಂಪು ತಂತಿ ಬಿಚ್ಚಿದೆ. ಬಿಸಿನೀರು ಹುಯ್ದು, ಒರೆಸಿ, ಸೊಪ್ಪು ಹೆಚ್ಚುವ ಕತ್ತಿಯ ಮೊನೆಯಿಂದ ಸೀಸ ಹೊಳೆಯುವವರೆಗೆ ಕೆರೆದು ಮತ್ತೆ ಬಿಗಿದೆ. ಕೀ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಎದ್ದಿತು.

ತನಗೆ ಮೊದಲೇ ಅನುಮಾನವಿತ್ತೆಂದ ಜುಂಜಣ್ಣ. ನಿಂಬೆಹಣ್ಣು ಸ್ವಲ್ಪ ತಡವಾಗಿ ಕೆಲಸ ಮಾಡಿತೆಂದ ಚಿಕ್ಕಪ್ಪ, ನನ್ನನ್ನು ಸೀಟಿನಿಂದ ಎಬ್ಬಿಸಿ ತಾನು ಸ್ಟೇರಿಂಗ್ ಹಿಡಿದ. ಮಡಕಶಿರಾದಲ್ಲಿ ಪರಿಚಯದವರು ಕಂಡರೆಂದು ಗಾಡಿ ನಿಲ್ಲಿಸಿ ಟೀ ಕುಡಿಯಹೊರಟ. ಪಕ್ಕದಲ್ಲಿದ್ದ ದೊಡ್ಡಮ್ಮ ಅವನು ಎಂಜಿನ್ ಆರಿಸದಂತೆ ಕೀ ಮೇಲೆ ಅಂಗೈ ಇಟ್ಟು ಕೂತಳು. ಟೀ ಕುಡಿಯದೆಯೇ ಹೊರಟ.

ಮಾರುಕಟ್ಟೆಯಲ್ಲಿ ಕೊನೆಯ ಹರಾಜು ಕೂಗುತ್ತಿದ್ದರು. ಚಿಕ್ಕಪ್ಪ ಕಾರಿಗೆ ನೆರಳು ಹುಡುಕಿಕೊಂಡು ಹೋದ. ಮೂಟೆಗಳನ್ನು ನಾವಿಬ್ಬರೇ ಎಳೆದೆವು. ನಾಲ್ಕನೆಯದನ್ನೂ ಹರಾಜಿನ ತಟ್ಟೆಗೆ ಸುರಿದ ಮೇಲೆ ದೊಡ್ಡಮ್ಮ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದಳು. ಹುಳ ಇನ್ನೂ ಒಳಗೇ ಇತ್ತು, ಟಕಟಕ ಎಂದಿತು. ಅದನ್ನೂ ತಟ್ಟೆಗೆ ಹಾಕಿದಳು.